ಫ್ಲೆಕ್ಸ್ ಅಂಗಡಿಯಿಂದ ತರಗತಿಗೆ: ದೊಡ್ಡ ಅಳತೆಯ ಮುದ್ರಣವನ್ನು ಪಾಠಕ್ಕೆ ಬಳಸುವ ಬಗೆ

ಅಭ್ಯಾಸ ಬೋಧನೆಯ ಅವಲೋಕನಕ್ಕೆಂದು ಕನ್ಯಾನದ ಕಡೆಯ ಒಂದು ಶಾಲೆಯಲ್ಲಿ ಕುಳಿತಿದ್ದೆ. ಏಳನೆಯ ತರಗತಿ, ವಿಜ್ಞಾನ, ‘ಹೂವಿನ ಭಾಗಗಳು’. ಪ್ರಶಿಕ್ಷಣಾರ್ಥಿ ಪೇಟೆಯಿಂದ ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರದ ಬಣ್ಣದ ಮುದ್ರಣವೊಂದನ್ನು ಮಾಡಿಸಿ ತಂದಿದ್ದರು. ಅದನ್ನು ಕರಿಹಲಗೆಯ ಮೇಲೆ ತೂಗುಹಾಕಿದಾಗ ಮಕ್ಕಳ ಕಣ್ಣು ಅರಳಿದ್ದು ನಿಜ. ಐದು ನಿಮಿಷ ಕಳೆಯುವುದರೊಳಗೆ ಮೂರು ತೊಂದರೆಗಳು ಕಂಡವು. ಹಿಂದಿನ ಬೆಂಚಿನವರಿಗೆ ಹೆಸರುಗಳನ್ನು ಓದಲಾಗಲಿಲ್ಲ. ಮುಂದಿನ ಬೆಂಚಿನವರಿಗೆ ಚಿತ್ರ ಚೌಕ ಚೌಕವಾಗಿ ಒಡೆದು ಕಂಡಿತು. ಕೈಯಲ್ಲಿ ದಾಸವಾಳ ಹಿಡಿದಿದ್ದ ಹುಡುಗಿಯೊಬ್ಬಳು, ತನ್ನ ಹೂವಿನಲ್ಲಿ ಕೇಸರಗಳು ಚಿತ್ರದಲ್ಲಿರುವಂತೆ ಬಿಡಿಬಿಡಿಯಾಗಿಲ್ಲ, ಒಂದೇ ಕೊಳವೆಗೆ ಅಂಟಿಕೊಂಡಿವೆ, ಇದು ಯಾಕೆ ಹೀಗೆ ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ಚಾರ್ಟನ್ನೊಮ್ಮೆ, ಹೂವನ್ನೊಮ್ಮೆ ನೋಡಿ, “ಚಾರ್ಟ್ ನೋಡಿಯೇ ಬರೆದುಕೊಳ್ಳಿ” ಎಂದು ಮುಂದಕ್ಕೆ ಹೋದರು.

ತಪ್ಪು ಅವರೊಬ್ಬರದೇ ಆಗಿರಲಿಲ್ಲ. ನಮ್ಮ ಅವಲೋಕನ ನಮೂನೆಯಲ್ಲಿ ‘ಆಕರ್ಷಕ ಕಲಿಕೋಪಕರಣ’ ಎಂಬ ಕಲಂ ಇದೆ. ಮುದ್ರಿಸಿದ ಚಾರ್ಟಿಗೆ ಹೆಚ್ಚು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೈಯಿಂದ ಬರೆದ ಚಾರ್ಟಿಗೆ ಒಂದು ಅಂಕ ಕಡಿಮೆ ಕೊಟ್ಟವನು ನಾನೇ. ಹಣ ಕೊಟ್ಟು ಮಾಡಿಸಲಾಗದವರಿಗೆ ಅದು ಹೇಗೆ ಕಂಡಿರಬೇಕು ಎಂದು ಆ ದಿನ ಬಸ್ಸಿನಲ್ಲಿ ವಿಟ್ಲದ ಕಡೆಗೆ ಮರಳುವಾಗ ಯೋಚಿಸಿದೆ. ಮುದ್ರಣದ ಅಂಗಡಿ ನಮ್ಮ ತರಗತಿಗೆ ಬಂದಾಗಿದೆ. ಅದನ್ನು ಬೇಡ ಎನ್ನುವುದರಲ್ಲಿ ಅರ್ಥವಿಲ್ಲ. ಆದರೆ ಆ ಯಂತ್ರ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ಶಿಕ್ಷಕನಿಗೆ ತಿಳಿದಿರಬೇಕು. ಈ ಬರಹ ಅದಕ್ಕಾಗಿ.

ಯಂತ್ರ ಕೆಲಸ ಮಾಡುವ ಬಗೆ

ನಾವು ‘ಫ್ಲೆಕ್ಸ್ ಮೆಷಿನ್’ ಎನ್ನುವುದು ದೊಡ್ಡ ಅಗಲದ ಇಂಕ್‌ಜೆಟ್ ಮುದ್ರಣಯಂತ್ರ. ಒಂದು ಬದಿಯಲ್ಲಿ ಸುರುಳಿ. ಸಾಮಾನ್ಯವಾಗಿ ಹತ್ತೂವರೆ ಅಡಿ, ಅಂದರೆ ಸುಮಾರು 3.2 ಮೀಟರ್ ಅಗಲದ ವರೆಗಿನ ಸುರುಳಿಯನ್ನು ಇವು ಹಿಡಿಯುತ್ತವೆ. ಮುದ್ರಣತಲೆ ಅಡ್ಡಡ್ಡವಾಗಿ ಓಡಾಡುತ್ತದೆ. ಪ್ರತಿ ಓಟಕ್ಕೂ ಹಾಳೆ ಸ್ವಲ್ಪ ಮುಂದೆ ಸರಿಯುತ್ತದೆ. ಆದ್ದರಿಂದ ಅಗಲಕ್ಕೆ ಮಿತಿಯಿದೆ, ಉದ್ದಕ್ಕೆ ಹೆಚ್ಚುಕಡಿಮೆ ಮಿತಿಯಿಲ್ಲ. ಈ ಒಂದು ಗುಣವನ್ನು ನೆನಪಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಮುದ್ರಣತಲೆಯಲ್ಲಿ ಕೂದಲೆಳೆಗಿಂತ ಸಣ್ಣ ರಂಧ್ರಗಳ ಸಾಲುಗಳಿವೆ. ಪ್ರತಿ ರಂಧ್ರದ ಹಿಂದಿನ ಶಾಯಿಯ ಕೋಣೆಗೆ ಪೀಜೋ ವಸ್ತುವಿನ ಗೋಡೆ. ಇದನ್ನು ತರಗತಿಯಲ್ಲಿ ವಿವರಿಸಲು ಅಡುಗೆಮನೆಯ ಗ್ಯಾಸ್ ಲೈಟರ್ ಸಾಕು. ಟಕ್ ಎಂದು ಒತ್ತಿದಾಗ ಒಳಗಿನ ಪೀಜೋ ತುಂಡಿಗೆ ಪೆಟ್ಟು ಬಿದ್ದು ವಿದ್ಯುತ್ತು ಹುಟ್ಟಿ ಕಿಡಿ ಹಾರುತ್ತದೆ. ಮುದ್ರಣಯಂತ್ರದಲ್ಲಿ ನಡೆಯುವುದು ಇದರ ಉಲ್ಟಾ: ವಿದ್ಯುತ್ತು ಕೊಟ್ಟಾಗ ವಸ್ತು ತುಸು ಬಾಗುತ್ತದೆ, ಕೋಣೆ ಹಿಂಡಿಕೊಳ್ಳುತ್ತದೆ, ಒಂದು ಹನಿ ಹೊರಚಿಮ್ಮುತ್ತದೆ. ಒತ್ತಿದರೆ ವಿದ್ಯುತ್ತು ಹುಟ್ಟುವುದನ್ನು 1880ರಲ್ಲಿ ತೋರಿಸಿದವರು ಪಿಯೆರ್ ಮತ್ತು ಜಾಕ್ ಕ್ಯೂರಿ ಸಹೋದರರು. ಶಾಯಿಯನ್ನು ಚಿಮ್ಮಿಸಿ ಬರೆಯುವ ಉಪಕರಣಕ್ಕೆ 1951ರಲ್ಲಿ ಪೇಟೆಂಟ್ ಪಡೆದವರು ಸ್ವೀಡನ್ನಿನ ರೂನ್ ಎಲ್ಮ್‌ಕ್ವಿಸ್ಟ್. ಅದು ಹೃದಯದ ಮಿಡಿತದಂಥ ಸಂಕೇತಗಳನ್ನು ಕಾಗದದ ಮೇಲೆ ದಾಖಲಿಸುವುದಕ್ಕೆ ಬಳಕೆಯಾಯಿತು. 1958ರಲ್ಲಿ ಮನುಷ್ಯನ ದೇಹದೊಳಗೆ ಮೊದಲ ಬಾರಿ ಇಟ್ಟ ಪೇಸ್‌ಮೇಕರ್ ಕೂಡ ಇವರದೇ ರಚನೆ. ಜಾತ್ರೆಯ ಬ್ಯಾನರಿಗೂ ಇಸಿಜಿಗೂ ಇರುವ ಈ ನೆಂಟಸ್ತನವನ್ನು ಮಕ್ಕಳು ಸುಲಭಕ್ಕೆ ಮರೆಯುವುದಿಲ್ಲ.

ಹನಿಯ ಗಾತ್ರವನ್ನು ಪಿಕೋಲೀಟರ್‌ಗಳಲ್ಲಿ ಹೇಳುತ್ತಾರೆ. ಒಂದು ಮಿಲಿಲೀಟರ್ ಅಂದರೆ ನೂರು ಕೋಟಿ ಪಿಕೋಲೀಟರ್. ಹನಿ 42 ಪಿಕೋಲೀಟರ್ ಇದ್ದರೆ ಒಂದು ಮಿಲಿಲೀಟರ್ ಶಾಯಿಯಲ್ಲಿ ಸುಮಾರು 2 ಕೋಟಿ 38 ಲಕ್ಷ ಹನಿಗಳು. ದೊಡ್ಡ ಸಂಖ್ಯೆಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ?

ಬಣ್ಣಗಳು ನಾಲ್ಕೇ: ಸಯಾನ್, ಮಜೆಂಟಾ, ಹಳದಿ, ಕಪ್ಪು. ಉಳಿದ ಬಣ್ಣಗಳೆಲ್ಲ ಈ ಚುಕ್ಕೆಗಳ ನೆರೆಹೊರೆಯಿಂದ ನಮ್ಮ ಕಣ್ಣಿನಲ್ಲಿ ಹುಟ್ಟುತ್ತವೆ. ಹಳೆಯ ಬ್ಯಾನರಿನ ತುಂಡೊಂದನ್ನು ಭೂತಗನ್ನಡಿಯಲ್ಲಿ ನೋಡಲು ಮಕ್ಕಳಿಗೆ ಕೊಡಿ. ಹಸಿರು ಎಲೆಯೊಳಗೆ ಹಸಿರು ಶಾಯಿಯ ಒಂದು ಚುಕ್ಕೆಯೂ ಇಲ್ಲ ಎಂದು ಅವರೇ ಕಂಡುಕೊಳ್ಳಲಿ. ಮೊಬೈಲ್ ಪರದೆ ಕೆಂಪು, ಹಸಿರು, ನೀಲಿ ಬೆಳಕನ್ನು ಕೂಡಿಸುತ್ತದೆ. ಶಾಯಿ ಬಿಳಿ ಬೆಳಕಿನಿಂದ ಒಂದಂಶವನ್ನು ಹೀರಿ ಕಳೆಯುತ್ತದೆ. ಪರದೆಯಲ್ಲಿ ಹೊಳೆದ ಹಸಿರು ಮುದ್ರಣದಲ್ಲಿ ಮಂಕಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಅಂಗಡಿಯವರು ಬಣ್ಣ ಕೆಡಿಸಿದರು ಎಂದು ದೂರುವ ಮೊದಲು ಇದು ತಿಳಿದಿರಲಿ.

ಚಿತ್ರ ಒಡೆಯುವುದೇಕೆ?

ಪ್ರಶಿಕ್ಷಣಾರ್ಥಿಯ ಹೂವಿನ ಚಿತ್ರದ ಅಗಲ 800 ಪಿಕ್ಸೆಲ್. ಅದನ್ನು ನಾಲ್ಕು ಅಡಿಗೆ, ಅಂದರೆ 48 ಇಂಚಿಗೆ ಹಿಗ್ಗಿಸಿದರು. ಇಂಚಿಗೆ ಬಿದ್ದದ್ದು 17 ಪಿಕ್ಸೆಲ್ ಮಾತ್ರ. ಒಂದೊಂದು ಪಿಕ್ಸೆಲ್ ಒಂದೂವರೆ ಮಿಲಿಮೀಟರ್ ಬದಿಯ ಚೌಕ. “ನಮ್ಮದು 1440 ಡಿಪಿಐ ಮೆಷಿನ್” ಎಂದು ಅಂಗಡಿಯಲ್ಲಿ ಹೇಳಿದ್ದರಂತೆ. ಅದು ಯಂತ್ರ ಇಂಚಿಗೆ ಇಡುವ ಶಾಯಿಚುಕ್ಕೆಗಳ ಲೆಕ್ಕ. ಚಿತ್ರದಲ್ಲಿ ಇಲ್ಲದ ವಿವರವನ್ನು ಯಂತ್ರ ತಂದುಕೊಡಲಾರದು. ಒಡೆದ ಚೌಕವನ್ನೇ ಅದು ಬಹಳ ನಯವಾಗಿ ಮುದ್ರಿಸುತ್ತದೆ.

ಹಾಗಾದರೆ ಎಷ್ಟು ಪಿಕ್ಸೆಲ್ ಬೇಕು? ಉತ್ತರ ಇರುವುದು ನೋಡುವ ದೂರದಲ್ಲಿ. ಆರೋಗ್ಯವಂತ ಕಣ್ಣು ಸುಮಾರು ಒಂದು ಕೋನ-ನಿಮಿಷದಷ್ಟು, ಅಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಅಂತರವನ್ನು ಬೇರ್ಪಡಿಸಿ ನೋಡಬಲ್ಲದು. ಒಂದು ಮೀಟರ್ ದೂರದಲ್ಲಿ ಇದು 0.29 ಮಿಲಿಮೀಟರ್. ಇದರಿಂದ ಒಂದು ಸುಲಭ ಸೂತ್ರ ಸಿಗುತ್ತದೆ: 90ನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿ. ಪುಸ್ತಕ ಹಿಡಿಯುವ 30 ಸೆಂಟಿಮೀಟರಿಗೆ 300. ಪುಸ್ತಕದ ಚಿತ್ರಗಳಿಗೆ 300 ಕೇಳುವುದು ಇದಕ್ಕೇ. ಮುಂದಿನ ಬೆಂಚಿನ ಒಂದೂವರೆ ಮೀಟರಿಗೆ 60. ಹಿಂದಿನ ಬೆಂಚಿನ ಆರು ಮೀಟರಿಗೆ 15. ದೂರದ ಮಗುವಿಗೆ ಸಾಲುವಂತೆ ಮಾಡಿದ್ದು ಹತ್ತಿರದ ಮಗುವಿಗೆ ಸಾಲದು; ಆದ್ದರಿಂದ ಮುಂದಿನ ಬೆಂಚನ್ನು ಲೆಕ್ಕಕ್ಕೆ ಹಿಡಿಯಬೇಕು. ನಾಲ್ಕು ಅಡಿಯ ಚಾರ್ಟಿಗೆ 48 × 60, ಅಂದರೆ ಸುಮಾರು 2900 ಪಿಕ್ಸೆಲ್ ಅಗಲ ಬೇಕು. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಬಂದ ಚಿತ್ರ ಕುಗ್ಗಿರುತ್ತದೆ. ಮೂಲ ಚಿತ್ರವನ್ನೇ ಪೆನ್‌ಡ್ರೈವಿನಲ್ಲೋ, ಡಾಕ್ಯುಮೆಂಟ್ ಆಗಿಯೋ ಅಂಗಡಿಗೆ ಕೊಡಿ. ಕೋರೆಲ್‌ಡ್ರಾದಂಥ ತಂತ್ರಾಂಶದಲ್ಲಿ ಗೆರೆಗಳಾಗಿಯೇ ಬಿಡಿಸಿದ ವೆಕ್ಟರ್ ಚಿತ್ರಕ್ಕೆ ಈ ಕಷ್ಟವಿಲ್ಲ. ಎಷ್ಟು ಹಿಗ್ಗಿಸಿದರೂ ಗೆರೆ ಗೆರೆಯಾಗಿಯೇ ಉಳಿಯುತ್ತದೆ.

ಇಲ್ಲೇ ಗಣಿತದ ಇನ್ನೊಂದು ಪಾಠವಿದೆ. “ಇದನ್ನು ಡಬಲ್ ಮಾಡಿ” ಎಂದು ಅಂಗಡಿಯಲ್ಲಿ ಹೇಳುತ್ತೇವೆ. ಉದ್ದ, ಅಗಲ ಎರಡೂ ಇಮ್ಮಡಿಯಾದರೆ ವಿಸ್ತೀರ್ಣ ನಾಲ್ಮಡಿ. ಅಂಗಡಿಯವರು ಹಣ ಲೆಕ್ಕಹಾಕುವುದು ಚದರಡಿಗೆ; ಬಿಲ್ಲೂ ನಾಲ್ಮಡಿ. ಇಂಚಿಗೆ ಬೀಳುವ ಪಿಕ್ಸೆಲ್ ಮಾತ್ರ ಅರ್ಧ.

ಅಕ್ಷರದ ಗಾತ್ರ, ಅಕ್ಷರದ ತಪ್ಪು

ಹಿಂದಿನ ಬೆಂಚಿನವರು ಓದಲಾಗದೆ ಉಳಿದದ್ದು ಬೇರೆ ಕಾರಣಕ್ಕೆ. ಆ ಚಿತ್ರದಲ್ಲಿ ‘ಶಲಾಕಾಗ್ರ’ ಎಂಬ ಪದ ಚಿತ್ರದೊಳಗೇ ಸೇರಿಹೋಗಿತ್ತು. ಎತ್ತರ ಒಂಬತ್ತು ಪಿಕ್ಸೆಲ್. ಅಷ್ಟರಲ್ಲಿ ಗಕಾರವೂ ಅದರ ರಕಾರದ ಒತ್ತೂ ಹಿಡಿಯುವುದಿಲ್ಲ. ಫಲಕ ಬರೆಯುವವರಲ್ಲಿ ಹತ್ತು ಅಡಿ ದೂರಕ್ಕೆ ಒಂದು ಇಂಚು ಅಕ್ಷರ ಎಂಬ ಅಂದಾಜಿದೆ. ಇಪ್ಪತ್ತು ಅಡಿಯ ತರಗತಿಗೆ ಎರಡು ಇಂಚು. ಕನ್ನಡದಲ್ಲಿ ಇದನ್ನು ಮೂಲಾಕ್ಷರದ ಎತ್ತರಕ್ಕೆ ಹಿಡಿದು, ಒತ್ತಕ್ಷರಕ್ಕೆ ಕೆಳಗೆ ಬೇರೆ ಜಾಗ ಬಿಡಬೇಕು. ಎರಡು ಇಂಚಿನ ಅಕ್ಷರ ಹಾಕಿದರೆ ಚಾರ್ಟಿನಲ್ಲಿ ಹತ್ತು ಪದವೂ ಹಿಡಿಯುವುದಿಲ್ಲ ಎಂದು ನಮ್ಮ ಪ್ರಶಿಕ್ಷಣಾರ್ಥಿಗಳು ಹೇಳುತ್ತಾರೆ. ಹಿಡಿಯಬಾರದು ಎಂದೇ ನನ್ನ ಉತ್ತರ. ಓದಬೇಕಾದ ವಿವರಕ್ಕೆ ಪಠ್ಯಪುಸ್ತಕವಿದೆ.

ಇನ್ನು ಲಿಪಿಯ ತೊಡಕು. ಮೊಬೈಲಿನಲ್ಲಿ ನಾವು ಬರೆಯುವುದು ಯೂನಿಕೋಡ್. ಅನೇಕ ಅಂಗಡಿಗಳಲ್ಲಿ ಇನ್ನೂ ನುಡಿ, ಬರಹ ಮುಂತಾದವುಗಳ ಹಳೆಯ ಫಾಂಟುಗಳಲ್ಲಿ ಕೆಲಸ ನಡೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಹಾಕುವಾಗ ಒತ್ತು ಜಾರುತ್ತದೆ, ಅರ್ಕಾವತ್ತು ಕಾಣೆಯಾಗುತ್ತದೆ. ಕೆಲವೊಮ್ಮೆ ವಿನ್ಯಾಸಕಾರರು ಎಲ್ಲವನ್ನೂ ಮತ್ತೆ ಬೆರಳಚ್ಚು ಮಾಡುತ್ತಾರೆ; ಆಗ ಹೊಸ ತಪ್ಪುಗಳು ಸೇರುತ್ತವೆ. ಮುದ್ರಣಕ್ಕೆ ಹೋಗುವ ಮುನ್ನ ಅಂತಿಮ ಕರಡನ್ನು ಕೇಳಿ ಪಡೆದು, ಅಕ್ಷರ ಅಕ್ಷರ ಓದಿ. ತಿದ್ದಿದ ಮೇಲೆ ಅಕ್ಷರಗಳನ್ನು ಕರ್ವ್ ಆಗಿ ಪರಿವರ್ತಿಸಲು ಹೇಳಿ. ಮತ್ತೆ ಫಾಂಟು ಬದಲಾಗುವ ಭಯವಿಲ್ಲ.

ಭಾಷಾ ಶಿಕ್ಷಕರಿಗೆ ಇದೇ ಒಂದು ಚಟುವಟಿಕೆ. ಬರುವ ದಾರಿಯಲ್ಲಿ ಕಂಡ ಬ್ಯಾನರುಗಳ ಬರಹವನ್ನು ಮಕ್ಕಳು ಬರೆದುಕೊಂಡು ಬರಲಿ. ‘ಹಾರ್ಧಿಕ’, ‘ಶುಭಾಷಯ’ ಎರಡು ದಿನದಲ್ಲಿ ಸಿಗುತ್ತವೆ. ಹಾರ್ದಿಕದಲ್ಲಿ ಮಹಾಪ್ರಾಣ ಏಕಿಲ್ಲ, ಆಶಯದಲ್ಲಿ ಯಾವ ಶಕಾರ ಎಂದು ಅಲ್ಲಿಂದ ಮುಂದುವರಿಯಬಹುದು. ತಪ್ಪು ಬರೆದವರ ಹೆಸರು ತರಗತಿಗೆ ಬರುವುದು ಬೇಡ.

ಯಾವುದರ ಮೇಲೆ ಮುದ್ರಿಸಬೇಕು?

ಇನ್ನೊಬ್ಬ ಪ್ರಶಿಕ್ಷಣಾರ್ಥಿ ಪ್ಲಾಸ್ಟಿಕ್ ಮಾಲಿನ್ಯದ ಪಾಠಕ್ಕೆ ಫ್ಲೆಕ್ಸ್ ಚಾರ್ಟ್ ತಂದಿದ್ದರು. “ಇದೂ ಪ್ಲಾಸ್ಟಿಕ್ಕೇ ಅಲ್ವಾ ಟೀಚರ್?” ಎಂದು ಹುಡುಗನೊಬ್ಬ ಕೇಳಿದ. ಹೌದು. ಪಾಲಿಯೆಸ್ಟರ್ ನೂಲಿನ ಬಲೆಯ ಎರಡೂ ಬದಿಗೆ ಪಿವಿಸಿ ಪದರ ಕೂಡಿಸಿದ್ದೇ ಫ್ಲೆಕ್ಸ್. ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಜೊತೆಗೆ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್ಸ್, ಫ್ಲೆಕ್ಸ್‌ಗಳ ತಯಾರಿಕೆ, ಮಾರಾಟ, ಬಳಕೆಯನ್ನು ನಿಷೇಧಿಸಿದೆ. ಇಡೀ ದೇಶದಲ್ಲಿ 2022ರ ಜುಲೈ 1ರಿಂದ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳಿಗೂ ನಿಷೇಧವಿದೆ. ಊರಿನ ಕಂಬಗಳಲ್ಲಿ ಏನೇ ತೂಗಲಿ, ಶಿಕ್ಷಕ ಅದನ್ನು ಗೋಡೆಗೆ ಹಾಕಿ ಪರಿಸರದ ಪಾಠ ಮಾಡುವಂತಿಲ್ಲ.

ಬದಲಿಗೆ ಏನು? ಕಾಗದ ಮೊದಲನೆಯದು. ಕೆಲವು ವಾರ ಉಳಿದರೆ ಸಾಕೆನ್ನುವ ಚಾರ್ಟಿಗೆ ಅದೇ ಸರಿ. ಲ್ಯಾಮಿನೇಶನ್ ಮಾಡಿಸಿದರೆ ಮತ್ತೆ ಪ್ಲಾಸ್ಟಿಕ್ ಸೇರಿತು. ವರ್ಷಗಟ್ಟಲೆ ಬೇಕಾದುದಕ್ಕೆ ಹತ್ತಿಬಟ್ಟೆ. ಇಲ್ಲಿ ಒಂದು ಎಚ್ಚರ: ‘ಬಟ್ಟೆ ಬ್ಯಾನರ್’ ಎಂದು ಮಾರುವುದೆಲ್ಲ ಹತ್ತಿಯಲ್ಲ. ಸಬ್ಲಿಮೇಶನ್ ವಿಧಾನದಲ್ಲಿ ಬಣ್ಣ ಬಿಸಿಗೆ ಆವಿಯಾಗಿ ಪಾಲಿಯೆಸ್ಟರಿನೊಳಗೆ ಸೇರುತ್ತದೆ. ಹತ್ತಿಯ ಮೇಲೆ ಅದು ನಿಲ್ಲುವುದಿಲ್ಲ. ಅಂಚಿನ ಒಂದು ನೂಲು ಎಳೆದು ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನೂಲುಗಳ ಪಾಠದಲ್ಲಿ ನಾವು ಕಲಿಸುವ ಪ್ರಯೋಗವೇ ಇದು. ಶಾಯಿಯನ್ನೂ ಕೇಳಿ ತಿಳಿಯಿರಿ. ಸಾಲ್ವೆಂಟ್ ಶಾಯಿಯ ವಾಸನೆ ಹೊಸ ಮುದ್ರಣದಿಂದ ಕೆಲವು ಕಾಲ ಹೊರಡುತ್ತಿರುತ್ತದೆ. ತಂದ ಕೂಡಲೇ ಮುಚ್ಚಿದ ಕೋಣೆಯಲ್ಲಿ ಹಾಕದೆ ಗಾಳಿಗೆ ಬಿಡಬೇಕು.

ಈಗಾಗಲೇ ಇರುವ ಹಳೆಯ ಫ್ಲೆಕ್ಸ್? ನಮ್ಮಲ್ಲಿ ಅದು ಮಳೆಗಾಲದಲ್ಲಿ ಸೌದೆಗೆ ಹೊದಿಕೆಯಾಗುತ್ತದೆ, ಅಡಕೆಗೆ ಮರೆಯಾಗುತ್ತದೆ. ಕೊನೆಗೆ ಚಿಂದಿಯಾದಾಗ ಬಚ್ಚಲೊಲೆಗೆ ಹೋಗುವುದುಂಟು. ಇದನ್ನು ಮಾತ್ರ ಮಕ್ಕಳ ಮೂಲಕ ಮನೆಗೆ ಮುಟ್ಟಿಸಬೇಕು. ಪಿವಿಸಿಯ ಘಟಕ C₂H₃Cl, ಅಣುರಾಶಿ 62.5, ಅದರಲ್ಲಿ ಕ್ಲೋರಿನ್ 35.5. ಶುದ್ಧ ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್ನೇ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಡಯಾಕ್ಸಿನ್‌ನಂಥ ವಿಷವಸ್ತುಗಳೂ ಹುಟ್ಟಬಹುದು. ನೀರು ಕಾಯಿಸಲು ಒಲೆಯ ಮುಂದೆ ಕುಳಿತವರು ಅದನ್ನು ಉಸಿರಾಡುತ್ತಾರೆ.

ಅಂಗಡಿಯಿಂದ ಏನು, ಕೈಯಿಂದ ಏನು?

ಕೈಯಿಂದ ಆಗದ, ಯಂತ್ರದಿಂದಲೇ ಆಗುವ ಕೆಲಸವನ್ನು ಮಾತ್ರ ಅಂಗಡಿಗೆ ಕೊಡಿ. ನಾನು ಪ್ರಶಿಕ್ಷಣಾರ್ಥಿಗಳಿಗೆ ಹೇಳುವ ಕೆಲವು ಬಳಕೆಗಳು ಇಲ್ಲಿವೆ.

ಒಂದು, ಉದ್ದದ ಪಟ್ಟಿ. ಉದ್ದಕ್ಕೆ ಮಿತಿಯಿಲ್ಲ ಎಂದೆನಲ್ಲ, ಅದನ್ನು ಬಳಸಿಕೊಳ್ಳುವುದು ಹೀಗೆ. ಭೂಮಿಯ ವಯಸ್ಸು ಸುಮಾರು 460 ಕೋಟಿ ವರ್ಷ. 4.6 ಮೀಟರ್ ಉದ್ದದ ಬಟ್ಟೆಯ ಮೇಲೆ ಮಿಲಿಮೀಟರ್ ಗೆರೆಗಳನ್ನಷ್ಟೇ ಮುದ್ರಿಸಿ. ಒಂದು ಮೀಟರಿಗೆ 100 ಕೋಟಿ ವರ್ಷ, ಒಂದು ಮಿಲಿಮೀಟರಿಗೆ ಹತ್ತು ಲಕ್ಷ. ಡೈನೋಸಾರುಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ, ಕೊನೆಯಿಂದ 6.6 ಸೆಂಟಿಮೀಟರಿನಲ್ಲಿ ಮಗು ಪಿನ್ ಚುಚ್ಚಲಿ. ಮನುಷ್ಯಜಾತಿಯ ಸುಮಾರು ಮೂರು ಲಕ್ಷ ವರ್ಷ ಅಂದರೆ 0.3 ಮಿಲಿಮೀಟರ್. ಒಂದು ಮೀಟರ್ ದೂರದಿಂದ ಕಣ್ಣು ಬೇರ್ಪಡಿಸಬಲ್ಲದ್ದು 0.29 ಮಿಲಿಮೀಟರ್ ಎಂದು ಮೇಲೆ ಕಂಡೆವು. ಎರಡು ಹೆಜ್ಜೆ ಹಿಂದೆ ಸರಿದರೆ ನಮ್ಮ ಇಡೀ ಚರಿತ್ರೆ ಕಣ್ಣಿಗೆ ಸಿಗದಷ್ಟು ಸಣ್ಣದು.

ಎರಡು, ನಿಜ ಗಾತ್ರ. ಕಾಳಿಂಗ ಸರ್ಪ ಐದು ಮೀಟರಿಗೂ ಹೆಚ್ಚು ಬೆಳೆಯಬಲ್ಲದು ಎಂದು ಓದುವುದು ಬೇರೆ, ಐದು ಮೀಟರಿನ ಚಿತ್ರದ ಪಕ್ಕ ಸಾಲಾಗಿ ನಿಂತು ಅಳೆಯುವುದು ಬೇರೆ.

ಮೂರು, ಮೂಕ ನಕ್ಷೆ, ಮೂಕ ಚಿತ್ರ. ಬಾಹ್ಯರೇಖೆ ಮಾತ್ರ ಮುದ್ರಿಸಿ, ಹೆಸರುಗಳ ಜಾಗ ಖಾಲಿ ಬಿಡಿ. ನಮ್ಮದು ಗಡಿಯ ಊರು, ಆಚೆ ಕಾಸರಗೋಡು. ಒಂದೇ ತರಗತಿಯಲ್ಲಿ ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಹವಿಗನ್ನಡದ ಮನೆಗಳ ಮಕ್ಕಳಿರುತ್ತಾರೆ. ಹಲಸಿನ ಚಿತ್ರದ ಪಕ್ಕ ಖಾಲಿ ಚೌಕಗಳಿದ್ದರೆ ಪೆಲಕಾಯಿ, ಚಕ್ಕ, ಪಣಸ ಎಲ್ಲವೂ ಬಂದು ಕೂರುತ್ತವೆ. ಮುದ್ರಿಸಿದ ಒಂದೇ ಹೆಸರು ಉಳಿದವನ್ನು ಹೊರಗಿಡುತ್ತದೆ.

ಹಣವಿಲ್ಲದವರಿಗೆ ಎರಡು ದಾರಿಗಳಿವೆ. ಚಿತ್ರವನ್ನು ಹದಿನಾರು ಭಾಗ ಮಾಡಿ ಶಾಲೆಯ ಸಾಮಾನ್ಯ ಪ್ರಿಂಟರಿನಲ್ಲಿ ಎ4 ಹಾಳೆಗಳಲ್ಲಿ ತೆಗೆದು, ಬಿಳಿ ಅಂಚು ಕತ್ತರಿಸಿ ಜೋಡಿಸಿದರೆ ಹೆಚ್ಚುಕಡಿಮೆ ಎ0 ಅಳತೆ, ಒಂದು ಚದರ ಮೀಟರ್ ಸಿಗುತ್ತದೆ. ಇಲ್ಲವೇ ಹಳೆಯ ಚೌಕುಳಿ ವಿಧಾನ: ಪುಸ್ತಕದ ಚಿತ್ರದ ಮೇಲೆ ಒಂದು ಸೆಂಟಿಮೀಟರ್ ಚೌಕ, ಗೋಡೆಯ ಹಾಳೆಯ ಮೇಲೆ ಹತ್ತು ಸೆಂಟಿಮೀಟರ್ ಚೌಕ, ಚೌಕಕ್ಕೆ ಚೌಕ ನಕಲು. ಬ್ರಷ್ಷಿನಿಂದ ಗೋಡೆಬರಹ ಬರೆಯುತ್ತಿದ್ದ ಕಲಾವಿದರು ಬಳಸುತ್ತಿದ್ದುದು ಇದನ್ನೇ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಅಂಥ ಒಬ್ಬರು ನಿಮ್ಮ ಊರಿನಲ್ಲಿದ್ದರೆ ಒಂದು ದಿನ ಶಾಲೆಗೆ ಕರೆಯಿರಿ. ಅನುಪಾತವನ್ನು ಅವರಷ್ಟು ಚೆನ್ನಾಗಿ ಕಲಿಸುವವರು ವಿರಳ.

ಮತ್ತೆ ಅದೇ ಪಾಠ

ಹೂವಿನ ಪಾಠವನ್ನು ಅದೇ ಪ್ರಶಿಕ್ಷಣಾರ್ಥಿ ಇನ್ನೊಂದು ವಿಭಾಗಕ್ಕೆ ಮತ್ತೆ ಮಾಡಿದರು. ಈ ಸಲ ಮುದ್ರಣ ಕಾಗದದ ಮೇಲೆ. ಉದ್ದಕ್ಕೆ ಸೀಳಿದ ದಾಸವಾಳದ ಬಾಹ್ಯರೇಖೆ, ಒಂದು ಪದವೂ ಇಲ್ಲ. ಮಕ್ಕಳು ಅಂಗಳದ ಹೂಗಳನ್ನು ತಂದು ಬಿಡಿಸಿದರು. ಶಲಾಕಾಗ್ರಕ್ಕೆ ಐದು ತಲೆಗಳಿರುವುದನ್ನು ಎಣಿಸಿದರು. ಕೇಸರಗಳ ಕೊಳವೆಯೊಳಗಿಂದ ಶಲಾಕಾ ನಳಿಕೆ ಹಾದುಹೋಗುವುದನ್ನು ಉಗುರಿನಿಂದ ಸೀಳಿ ಕಂಡರು. ಹೆಸರುಚೀಟಿಗಳನ್ನು ತಾವೇ ಬರೆದು ಅಂಟಿಸಿದರು. ಒಬ್ಬ ಮುದ್ದೆ ದಾಸವಾಳ ತಂದಿದ್ದ; ಅದರಲ್ಲಿ ಕೇಸರಗಳೇ ದಳಗಳಂತೆ ಅರಳಿದ್ದವು, ಚಿತ್ರಕ್ಕೆ ಹೊಂದಲಿಲ್ಲ. ಪ್ರಶಿಕ್ಷಣಾರ್ಥಿ ಈ ಬಾರಿ ಚಾರ್ಟಿನ ಕಡೆ ನೋಡಲಿಲ್ಲ. “ಎಲ್ಲಿ, ತಾ ನೋಡುವ” ಎಂದು ಹೂವನ್ನೇ ಕೈಗೆ ತೆಗೆದುಕೊಂಡರು. ಅಕ್ಷರ ಸ್ವಲ್ಪ ಓರೆಯಾಗಿತ್ತು, ಅಂಟು ಹರಿದಿತ್ತು. ಹಿಂದಿನ ಬೆಂಚಿನಿಂದ ಎಲ್ಲವನ್ನೂ ಓದಬಹುದಿತ್ತು.

ನಮೂನೆಯ ‘ಆಕರ್ಷಕ’ ಕಲಮಿನ ಬದಿಗೆ ನಾನೀಗ ಪೆನ್ಸಿಲಿನಲ್ಲಿ ಮೂರು ಪ್ರಶ್ನೆ ಬರೆದುಕೊಂಡಿದ್ದೇನೆ. ಹಿಂದಿನ ಬೆಂಚಿಗೆ ಓದಲು ಬರುತ್ತದೆಯೇ? ಮಕ್ಕಳು ಇದರ ಮೇಲೆ ಮಾಡಲು ಏನಾದರೂ ಉಳಿದಿದೆಯೇ? ಪಾಠ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತದೆ? ಅಂಕ ಕೊಡುವುದು ಇವುಗಳನ್ನು ನೋಡಿ. ಅಂಗಡಿಯಲ್ಲಿ ಮಾಡಿಸಿದ್ದೋ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದದ್ದೋ ಎಂದು ನೋಡುವ ಅಗತ್ಯ ಆಮೇಲೆ ಬೀಳಲಿಲ್ಲ.